ಚಿಕ್ಕಮ್ಮನ ಬೆಳಗು

ನಾಲ್ಕೂವರೆ. ಅಕ್ಕನ ಮಗಳು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಾಳೆ. ರಾತ್ರಿಯಿಡೀ ಸುಟ್ಟ ಜ್ವರ ಈಗಷ್ಟೇ ಬೆವರಾಗಿ ಇಳಿದಿದೆ. ಕತ್ತಿನ ಹತ್ತಿರ ಕೂದಲೆಲ್ಲ ಒದ್ದೆ.

ಮಾತೆರ್ ಮಾತುತಾ ನೆನಪಾದಳು. ಹಳೆಯ ರೋಮಿನ ದೇವಿ. ಬೆಳಗಿಗೂ ಅವಳೇ, ತಾಯ್ತನಕ್ಕೂ ಅವಳೇ. ಟೈಬರ್ ನದಿ ಹತ್ತಿರ, ದನದ ಸಂತೆ ಬಯಲಲ್ಲಿ ಅವಳ ಗುಡಿ. ಜೂನ್ 11ಕ್ಕೆ ಮಾತ್ರಾಲಿಯಾ ಹಬ್ಬ. ಅವತ್ತು ಹೆಂಗಸರು ಬೇಡಿಕೊಳ್ಳುತ್ತಿದ್ದದ್ದು ತಮ್ಮ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ! ಆ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ.

ಅದೇ ಹಬ್ಬದಲ್ಲಿ ಒಬ್ಬ ದಾಸಿಯನ್ನು ಹೊಡೆದು ಗುಡಿಯಿಂದ ಅಟ್ಟುತ್ತಿದ್ದರಂತೆ. ಅದು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಅವಳಿಗೂ ಒಬ್ಬ ಅಕ್ಕ ಇದ್ದಿರಬಹುದಲ್ವಾ?

ನಮ್ಮಲ್ಲಿ ಚಿಕ್ಕಮ್ಮ, ದೊಡ್ಡಮ್ಮ. ಕರೆಯೋ ಹೆಸರಲ್ಲೇ ಅಮ್ಮ ಇದ್ದಾಳೆ.

ಕಿಟಕಿ ಬೆಳ್ಳಗಾಗ್ತಿದೆ. ಪುಟ್ಟಿ ಕಣ್ಣುಬಿಟ್ಟು, "ಚಿಕ್ಕಮ್ಮಾ, ನೀರು" ಅಂದಳು.