ದಲ್ವ ತಿಂಗಳ ಹದಿನೈದನೇ ತಾರೀಖು

ಜೂನ್ ತಿಂಗಳ ಒಂದು ಶನಿವಾರ. ಪುಣೆಯ ಕೊಂಢ್ವಾದಲ್ಲಿ ಎರಡನೇ ಮಹಡಿಯ ಪುಟ್ಟ ಬಾಡಿಗೆ ಮನೆ. ಕಾಬೂಲಿನಿಂದ ಬಂದ ತಾಯಿ, ಇಬ್ಬರು ಮಕ್ಕಳು. ಎದುರಿಗೆ ಮನೆಯ ಮಾಲೀಕರು, ನಮ್ಮ ಕನ್ನಡ ಚರ್ಚಿನ ನಾಲ್ವರು. ನಡುವೆ ಚಾಪೆಯ ತುಂಬ ಕಾಗದ. ಕಲಬುರಗಿ ಕಡೆಯ ಹಿರಿಯರೊಬ್ಬರ ದಖನಿ ಉರ್ದುವಿನ ಮೇಲೆ ಮಾತು ಸಾಗಿತ್ತು. ಕಾಗದ, ತಾರೀಖು, ರಸೀದಿ, ಮೊಹರು ಎನ್ನುವುದಕ್ಕೆ ಆ ತಾಯಿಗೆ ಅನುವಾದವೇ ಬೇಕಾಗಲಿಲ್ಲ. ಅವರಾಡುವ ಪಾರಸಿಯಿಂದಲೇ ಬಂದು ನಮ್ಮ ಕಚೇರಿಗಳಲ್ಲಿ ಎಂದೋ ನೆಲೆಸಿದ ಪದಗಳವು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಕೊಡುವ ಕಾರ್ಡು ವೀಸಾ ಆಗುವುದಿಲ್ಲ. ಅದಕ್ಕೆಷ್ಟು ಬೆಲೆ ಎಂಬುದು ಬಹುಮಟ್ಟಿಗೆ ಎದುರಿಗೆ ಕೂತವರ ಮನಸ್ಸಿಗೆ ಬಿಟ್ಟದ್ದು. ಪಕ್ಕದಲ್ಲಿ ನಿಂತು ಮಾತಾಡುವವರು ಬೇಕಾಗುವುದು ಅಲ್ಲಿಯೇ.

ಮೊದಲು ಮಾಲೀಕರ ಭಯ ತೆಗೆಯಬೇಕು. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು (2025ರವರೆಗೆ ಇದರ ಹೆಸರು ಫಾರ್ಮ್ ಸಿ). ಇದು ಮಾಲೀಕರ ಹೊಣೆ. ಎಷ್ಟೋ ಜನ ಇದಕ್ಕೆ ಹೆದರಿಯೇ ಮನೆ ಇಲ್ಲ ಎಂದುಬಿಡುತ್ತಾರೆ. ನಾವು ಲ್ಯಾಪ್‌ಟಾಪ್ ಹಿಡಿದು ಅವರ ಜೊತೆ ಕೂತು ತುಂಬಿಸಿದೆವು. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಆನ್‌ಲೈನ್ ನೋಂದಣಿಗೆ ಆಧಾರ್ ಬೆರಳಚ್ಚು ಬೇಕು, ಇವರಿಗೆ ಆಧಾರ್ ಇಲ್ಲ. ಆದ್ದರಿಂದ ಅಸಲು ಪಾಸ್‌ಪೋರ್ಟ್ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಏಜೆಂಟರು ನೋಂದಣಿ ಬೇಡ, ಸ್ಟ್ಯಾಂಪ್ ಪೇಪರ್ ಸಾಕು ಎನ್ನುತ್ತಾರೆ. ಸಾಲದು. ನೋಂದಣಿಯಾದ ಕರಾರೇ ಆ ಕುಟುಂಬದ ವಿಳಾಸದ ಪುರಾವೆ.

ದೊಡ್ಡ ತೊಡಕು ಮಗಳ ನಿರಾಶ್ರಿತರ ಕಾರ್ಡಿನಲ್ಲಿತ್ತು. ಅವಳ ಅಫ್ಘಾನಿಸ್ತಾನದ ಗುರುತಿನ ಚೀಟಿ ತಜ್ಕಿರಾದಲ್ಲಿ ಸೌರ ಪಂಚಾಂಗದ ತಾರೀಖು ಇತ್ತು: 1394, ದಲ್ವ, 15. ಯಾರೋ ಅನುವಾದಕರು 621 ಕೂಡಿಸಿ 2015 ಎಂದು ಬರೆದಿದ್ದರು, ಕಾರ್ಡಿಗೂ ಅದೇ ಬಂದಿತ್ತು. ಆ ವರ್ಷ ಹುಟ್ಟುವುದೇ ಮಾರ್ಚ್ 21ಕ್ಕೆ. ಜನವರಿ 1ರಿಂದ ಮುಂದಿನ ತಾರೀಖುಗಳಿಗೆ 622 ಕೂಡಿಸಬೇಕು. ತಾಯಿ ಬೆರಳು ಮಡಚುತ್ತ ಹಮಲ್, ಸೌರ್, ಜೌಜಾ ಎಂದು ಎಣಿಸಿದರು. ಹಿರಿಯರಿಗೆ ಥಟ್ಟನೆ ಹೊಳೆಯಿತು: ಇವು ಮೇಷ, ವೃಷಭ, ಮಿಥುನ! ಹೆಸರು ಬೇರೆ, ರಾಶಿ ಅದೇ. ಹನ್ನೊಂದನೆಯ ಬೆರಳೆಣಿಕೆಗೆ ದಲ್ವ ಬಂತು, ಕುಂಭ. ಜನವರಿ 21ಕ್ಕೆ ಶುರುವಾಗುವ ತಿಂಗಳು. ಹುಡುಗಿ ಹುಟ್ಟಿದ್ದು 2016ರ ಫೆಬ್ರವರಿ 4.

ಒಂದು ವರ್ಷದ ತಪ್ಪು ಸಣ್ಣದಲ್ಲ. ಶಾಲೆಯಲ್ಲಿ ವಯಸ್ಸಿಗೆ ತಕ್ಕ ತರಗತಿ ಕೊಡುತ್ತಾರೆ. ಮರಾಠಿಯ ಒಂದಕ್ಷರವೂ ಬಾರದ ಮಗು ಒಂದು ತರಗತಿ ಮೇಲೆ ಕೂರುತ್ತದೆ. ಹಾಗೆಂದು ಶಾಲೆಯ ಅರ್ಜಿಯಲ್ಲಿ ಸರಿಯಾದ ತಾರೀಖು, ಕಾರ್ಡಿನಲ್ಲಿ ತಪ್ಪು ತಾರೀಖು ಇರಲೂ ಕೂಡದು. ಒಂದೇ ತಪ್ಪು ಎಲ್ಲ ಕಡೆ ಇದ್ದರೆ ತಿದ್ದಬಹುದು, ಎರಡು ತಾರೀಖು ಇದ್ದರೆ ನಿರಾಶ್ರಿತರ ಕಚೇರಿಯ ಮುಂದಿನ ಸಂದರ್ಶನದಲ್ಲಿ ತಾಯಿಯ ಮಾತನ್ನೇ ಅನುಮಾನಿಸುತ್ತಾರೆ. ಮೊದಲು ಕಾರ್ಡು, ಆಮೇಲೆ ಉಳಿದದ್ದು. ಅಷ್ಟರವರೆಗೆ ಪ್ರವೇಶ ನಿಲ್ಲಬೇಕಿಲ್ಲ: ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಆ ಪುಟದ ಪ್ರತಿ ಸದಾ ಚೀಲದಲ್ಲಿರಬೇಕು.

ನೆರವಿನಲ್ಲೂ ತಪ್ಪಾಗುತ್ತದೆ. ಸಭೆಯವರು ಪ್ರೀತಿಯಿಂದ ತೊಗರಿಬೇಳೆ, ದಪ್ಪಕ್ಕಿ ಕಳಿಸಿದ್ದರು. ಆ ಮನೆಗೆ ಬೇಕಾದದ್ದು ಉದ್ದಕ್ಕಿ, ಗೋಧಿಹಿಟ್ಟು, ಎಣ್ಣೆ, ರಾಜ್ಮಾ, ಚಹಾಪುಡಿ. ಲಕೋಟೆಯಲ್ಲಿ ಹಣ ಕೊಟ್ಟರೆ ತಾಯಿಯೇ ಪೇಟೆಗೆ ಹೋಗಿ ಆರಿಸಿ ತರುತ್ತಾರೆ. ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ; ಊರಲ್ಲಿ ಉಳಿದ ಬಂಧುಗಳಿಗೆ ಅದರಿಂದ ಅಪಾಯ. ಕರಪತ್ರ, ಪ್ರಾರ್ಥನೆಗೆ ಕರೆ, ಇವೂ ಇಲ್ಲ. ಅನ್ನದ ಜೊತೆ ಷರತ್ತು ಬಂದರೆ ಅದು ಸೇವೆಯಲ್ಲ.

ನಮ್ಮವರಿಗೇ ಸೂರಿಲ್ಲದಿರುವಾಗ ಇವರಿಗೇಕೆ ಎಂದು ಸಭೆಯಲ್ಲಿ ಕೇಳುವವರಿದ್ದಾರೆ. ಅವರಿಗೆ ನಾವು ಬೈಲುಕುಪ್ಪೆಯ ಮಾತು ಹೇಳುತ್ತೇವೆ. 1960ರ ಸುಮಾರಿಗೆ ಮೈಸೂರು ರಾಜ್ಯ ಟಿಬೆಟನ್ನರಿಗೆ ಅಲ್ಲಿ ಕಾಡುಭೂಮಿ ಕೊಟ್ಟಿತು, ಆಮೇಲೆ ಮುಂಡಗೋಡ. ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡಿ ನೋಡಿ, ಮುಂಡಗೋಡದ ಕನ್ನಡದಲ್ಲೇ ಉತ್ತರ ಬರಬಹುದು.

ಸಂಜೆ ಐದರ ಹೊತ್ತಿಗೆ ದೆಹಲಿಯ ನಿರಾಶ್ರಿತರ ಕಚೇರಿಗೆ ಲಕೋಟೆ ಸಿದ್ಧವಾಯಿತು: ತಿದ್ದುಪಡಿ ಕೋರಿ ತಾಯಿಯ ಸಹಿಯಿರುವ ಪತ್ರ, ತಜ್ಕಿರಾದ ಎರಡೂ ಬದಿಯ ಪ್ರತಿ, ಕಾರ್ಡಿನ ಪ್ರತಿ, ಹನ್ನೆರಡು ತಿಂಗಳ ಹೆಸರೂ ಅವುಗಳ ಇಂಗ್ಲಿಷ್ ತಾರೀಖೂ ಎದುರುಬದುರಾಗಿ ಬರೆದ ಒಂದು ಹಾಳೆ. ಅಸಲು ಒಂದನ್ನೂ ಕಳಿಸಲಿಲ್ಲ. ಸೋಮವಾರ ಬೆಳಿಗ್ಗೆ ಸ್ಪೀಡ್ ಪೋಸ್ಟ್. ರಸೀದಿ ಅಂಟಿಸಲು ವಹಿಯಲ್ಲಿ ಒಂದು ಪುಟ ಖಾಲಿ ಬಿಟ್ಟೆವು.