ಆಟೋಕ್ರೋಮ್ ಕಂಡ 1914ರ ಪ್ಯಾರಿಸ್

ಜೂನ್ 24, 2025, ಮಂಗಳವಾರ

1914ರ ಇದೇ ತಾರೀಖು ಫೋಟೋಗ್ರಾಫರ್ ಸ್ಟೆಫಾನ್ ಪಾಸೆ ಪ್ಯಾರಿಸ್ಸಿನ ರ‍್ಯೂ ದ್ಯು ಪೋ-ದ-ಫೇರ್ ಎಂಬ ಇಕ್ಕಟ್ಟು ಬೀದಿಯಲ್ಲಿ ಒಂದು ಕುಟುಂಬದ ಬಣ್ಣದ ಚಿತ್ರ ತೆಗೆದ. ನಾಲ್ಕೇ ದಿನಕ್ಕೆ ಸರಯೇವೋದಲ್ಲಿ ಆಸ್ಟ್ರಿಯಾದ ಯುವರಾಜನ ಮೇಲೆ ಗುಂಡು ಹಾರಿತು, ಆಗಸ್ಟ್ 3ರಂದು ಜರ್ಮನಿ ಫ್ರಾನ್ಸಿನ ಮೇಲೆ ಯುದ್ಧ ಸಾರಿತು. ಇದು ತಿಳಿದವರಿಗೆ ಆ ಕುಟುಂಬದ ಬಿಗಿ ನಿಲುವಿನಲ್ಲಿ ಏನೋ ಆತಂಕ ಕಾಣಿಸುತ್ತದೆ. ಹಾಗೆ ಓದಿದರೆ ಆ ಜನರಿಗೆ ಅನ್ಯಾಯವಾಗುತ್ತದೆ. ಅವರನ್ನು ಅಲುಗಾಡದಂತೆ ನಿಲ್ಲಿಸಿದ್ದು ಆಟೋಕ್ರೋಮ್ ಎಂಬ, ಬಣ್ಣದ ಚಿತ್ರ ತೆಗೆಯುವ ಗಾಜಿನ ಪ್ಲೇಟು.

ಲ್ಯೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಈ ಪ್ಲೇಟಿನ ಜೀವಾಳ ಆಲೂಗಡ್ಡೆಯ ಪಿಷ್ಟ. 10ರಿಂದ 15 ಮೈಕ್ರಾನ್ ಗಾತ್ರದ ಕಣಗಳನ್ನು ಆರಿಸಿ ಕಿತ್ತಳೆ-ಕೆಂಪು, ಹಸಿರು, ನೇರಳೆ-ನೀಲಿ ಎಂದು ಮೂರು ಪಾಲು ಬಣ್ಣ ಹಾಕುತ್ತಿದ್ದರು. ಮೂರನ್ನೂ ಒಣದಾಗಿಯೇ ಬೆರೆಸಿ, ಅಂಟು ಬಳಿದ ಗಾಜಿನ ಮೇಲೆ ಒಂದೇ ಪದರವಾಗಿ ಉದುರಿಸಿ, ಸಂದುಗಳಿಗೆ ಇದ್ದಿಲ ಪುಡಿ ತುಂಬಿ, ಒತ್ತಿ ಚಪ್ಪಟೆ ಮಾಡಿ, ವಾರ್ನಿಷ್ ಬಳಿದು, ಮೇಲೆ ಬೆಳಕನ್ನು ಗ್ರಹಿಸುವ ಬೆಳ್ಳಿ ಬ್ರೋಮೈಡಿನ ತೆಳು ಲೇಪ. ಸಂದು ಬಿಟ್ಟರೆ ಬಿಳಿ ಬೆಳಕು ನುಸುಳಿ ಬಣ್ಣವೆಲ್ಲ ಪೇಲವ.

ಕ್ಯಾಮೆರಾಕ್ಕೆ ಪ್ಲೇಟನ್ನು ಹಾಕುವುದು ತಿರುಗುಮುರುಗಾಗಿ. ಗಾಜಿನ ಬದಿ ಲೆನ್ಸಿನ ಕಡೆಗೆ ಇರಬೇಕು, ಬೆಳಕು ಮೊದಲು ಕಣಗಳನ್ನು ದಾಟಿ ಬರಬೇಕಲ್ಲ. ಲೇಪಕ್ಕೆ ನೀಲಿಯ ಮೇಲೆ ಪ್ರೀತಿ ಜಾಸ್ತಿಯಾದ್ದರಿಂದ ಲೆನ್ಸಿಗೆ ಹಳದಿ ಫಿಲ್ಟರ್ ಕಡ್ಡಾಯ. ಕಣಗಳೂ ಫಿಲ್ಟರೂ ಬೆಳಕನ್ನು ತಿಂದು ಹಾಕಿದ ಮೇಲೆ, ಬೇಸಗೆಯ ನಡುಮಧ್ಯಾಹ್ನದ ಬಿಸಿಲಿನಲ್ಲೂ ಒಂದು ಸೆಕೆಂಡಿನಷ್ಟು ಎಕ್ಸ್‌ಪೋಷರ್ ಬೇಕು. ಇಕ್ಕಟ್ಟು ಬೀದಿಯ ನೆರಳಿಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ನಡೆದುಹೋದವರು ಮಸುಕು ಗೆರೆಯಾಗುತ್ತಾರೆ, ಇಲ್ಲವೇ ಮಾಯವಾಗುತ್ತಾರೆ. ಆ ಕಾಲದ ಬಣ್ಣದ ಪ್ಯಾರಿಸ್ ನಿರ್ಜನವಾಗಿ ಕಾಣಲು ಇದೂ ಒಂದು ದೊಡ್ಡ ಕಾರಣ.

ತೊಳೆಯುವುದು ಎರಡು ಸುತ್ತು: ಕತ್ತಲಲ್ಲಿ ಮೊದಲ ಡೆವಲಪ್, ಆಮ್ಲ ಬೆರೆಸಿದ ಪರ್ಮಾಂಗನೇಟಿನಲ್ಲಿ ಹಾಗೆ ಮೂಡಿದ ಬೆಳ್ಳಿಯನ್ನು ಕರಗಿಸುವುದು, ಬೆಳಕಿನಲ್ಲಿ ಮತ್ತೆ ಡೆವಲಪ್. ವಾರ್ನಿಷ್ ಎಲ್ಲಾದರೂ ಬಿರಿದಿದ್ದರೆ ನೀರು ಒಳಗಿಳಿದು ಹಸಿರು ಬಣ್ಣ ಹರಡುತ್ತದೆ. ಹಳೆಯ ಪ್ಲೇಟುಗಳ ಹಸಿರು ಚುಕ್ಕೆಗಳನ್ನು ಗೋಡೆಯ ಪಾಚಿ ಎಂದುಕೊಳ್ಳಬೇಡಿ.

ಪಾಸೆ ಕೆಲಸ ಮಾಡುತ್ತಿದ್ದದ್ದು ಬ್ಯಾಂಕರ್ ಆಲ್ಬೆರ್ ಕಾನ್ ಕಟ್ಟಿದ ‘ಭೂಗ್ರಹದ ದಾಖಲೆ’ಗಾಗಿ. 1909ರಿಂದ 1931ರವರೆಗೆ ಸುಮಾರು 72,000 ಆಟೋಕ್ರೋಮ್‌ಗಳು ಅಲ್ಲಿ ಸೇರಿದವು. 1929ರ ಷೇರುಪೇಟೆ ಕುಸಿತ ಕಾನ್‌ನನ್ನು ಮುಳುಗಿಸಿತು, ಸಂಗ್ರಹ ಮಾತ್ರ ಉಳಿಯಿತು. ಪ್ಯಾರಿಸ್ ಪಕ್ಕದ ಬುಲೋನ್-ಬಿಯಾಂಕೂರ್‌ನಲ್ಲಿ ಅವನ ಹೆಸರಿನ ಮ್ಯೂಸಿಯಂನಲ್ಲಿದೆ. ಅಷ್ಟೊಂದು ಹಣವನ್ನು ಸಾಮಾನ್ಯರ ಬೀದಿ, ಬಟ್ಟೆ, ಅಂಗಡಿಗಳ ಮೇಲೆ ಸುರಿದ ಈ ಮನುಷ್ಯನ ಮೇಲೆ ನನಗೆ ಅಪಾರ ಗೌರವ.

ಈ ಚಿತ್ರಗಳನ್ನು ಪರದೆಯಲ್ಲಿ ನೋಡುವಾಗ ಮೊದಲು ಬಿಳಿ ಅಂಗಿ, ಕಲ್ಲುಗೋಡೆ ಹುಡುಕಿ. ಅವು ನೀಲಿಗೆ ತಿರುಗಿದ್ದರೆ ಫಿಲ್ಟರ್ ಸರಿಹೊಂದಿರಲಿಲ್ಲ ಎಂಬ ಅನುಮಾನ ಇರಲಿ, ಉಳಿದ ಬಣ್ಣಗಳನ್ನೂ ಪೂರ್ತಿ ನಂಬಬೇಡಿ. ಚಿತ್ರ ತೀರಾ ಬೆಳ್ಳಗಿದ್ದರೆ ಯಾರೋ ಆಮೇಲೆ ಹೊಳಪು ಏರಿಸಿರಬಹುದು, ಏಕೆಂದರೆ ಮೂಲ ಪ್ಲೇಟು ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಸರಿಯಾಗಿ ಹೊರಬಿಡುವುದಿಲ್ಲ. ಕೊನೆಗೆ ಚಿತ್ರದ ಅಂಚು ನೋಡಿ: ಫೋಟೋಗ್ರಾಫರ್ ನಿಲ್ಲಿಸದೆ ಬಿಟ್ಟ ಜನ ಅಲ್ಲಿ ಮಸುಕಾಗಿ ತಮ್ಮ ಪಾಡಿಗೆ ಓಡಾಡುತ್ತಿರುತ್ತಾರೆ.