ಪುಣೆಯಿಂದ ತೀರ್ಥನ್‌ಗೆ, ಟ್ರೌಟ್ ಗಾಳಕ್ಕೆ ಹೊರಟವರಿಗೆ

ಪುಣೆಯ ಸುತ್ತ ನೀರಿಗೇನೂ ಬರವಿಲ್ಲ. ಪವನಾ, ಮುಳಶಿ, ಖಡಕ್ವಾಸಲಾ ಎಲ್ಲವೂ ಹತ್ತಿರದಲ್ಲೇ ಇವೆ. ಆದರೆ ಟ್ರೌಟ್ ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿತೆಂದರೆ ಸೊರಗುತ್ತದೆ. ಹಾಗಾಗಿ ನಾನೂ ಭಾವನೂ ಹಿಮಾಚಲದ ತೀರ್ಥನ್ ಕಣಿವೆಗೆ ಹೊರಟೆವು. ಬ್ರಿಟಿಷರು 1909ರಲ್ಲಿ ಕಾಶ್ಮೀರದಿಂದ ಮೊಟ್ಟೆ ತರಿಸಿ ಕುಲ್ಲು ಸೀಮೆಯಲ್ಲಿ ಬ್ರೌನ್ ಟ್ರೌಟ್ ಸಾಕಲು ಶುರು ಮಾಡಿದ್ದರು.

ನವೆಂಬರ್‌ನಿಂದ ಫೆಬ್ರವರಿವರೆಗೆ ಮೀನು ಮೊಟ್ಟೆಯಿಡುವ ಕಾಲ, ಗಾಳ ನಿಷೇಧ. ಜುಲೈ, ಆಗಸ್ಟ್‌ನಲ್ಲಿ ನದಿ ಕೆಂಪಗಾಗುತ್ತದೆ, ರಸ್ತೆಯೂ ಕುಸಿಯುತ್ತದೆ. ಮಾರ್ಚ್, ಏಪ್ರಿಲ್ ಚೆನ್ನ. ನನ್ನ ಕೇಳಿದರೆ, ಗಣಪತಿ ವಿಸರ್ಜನೆ ಮುಗಿಸಿ ಸೆಪ್ಟೆಂಬರ್ ಕೊನೆಗೆ ಹೊರಡಿ. ದೆಹಲಿಯಿಂದ ಮನಾಲಿಯ ರಾತ್ರಿ ಬಸ್ಸು ಹತ್ತಿ, ಔಟ್ ಸುರಂಗಕ್ಕೆ ಮುಂಚೆಯೇ ಇಳಿಸಲು ಕಂಡಕ್ಟರಿಗೆ ಹೇಳಿಡಿ. ಅಲ್ಲಿಂದ ಬಂಜಾರ್ ಮೇಲೆ ಕಣಿವೆಯ ಗುಶೈನಿ ಹಳ್ಳಿಗೆ ಟ್ಯಾಕ್ಸಿ ಸಿಗುತ್ತದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ದಿನದ ಲೆಕ್ಕದಲ್ಲಿ. ಹೋಮ್‌ಸ್ಟೇಯವರಿಗೆ ಮೊದಲೇ ಹೇಳಿದರೆ ಓಡಾಟ ತಪ್ಪುತ್ತದೆ. ನಗದು ಇಟ್ಟುಕೊಳ್ಳಿ.

ಸಾಮಾನಿಗೆ ಸಂಬಳ ಸುರಿಯಬೇಡಿ. ಒಂಬತ್ತು ಅಡಿಯ, ಐದನೇ ನಂಬರಿನ (ಲೈನಿನ ತೂಕದ ಅಳತೆ) ಒಂದು ರಾಡ್, ತೇಲುವ ಲೈನ್, ತೆಳು ತುದಿದಾರ, ಮುಳ್ಳಿಲ್ಲದ ಕೊಕ್ಕೆಯ ಕೆಲವು ಫ್ಲೈ (ಕೊಕ್ಕೆಗೆ ಕಟ್ಟಿದ ನಕಲಿ ಹುಳು) ಸಾಕು. ಪೋಲರೈಸ್ಡ್ ಕನ್ನಡಕ ಮಾತ್ರ ಬಿಡಬೇಡಿ, ಅದಿಲ್ಲದೆ ನೀರಿನೊಳಗೆ ಏನೂ ಕಾಣುವುದಿಲ್ಲ. ಮಾಮೂಲು ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ, ಲೈನಿನ ಭಾರವೇ ಅದನ್ನು ಒಯ್ಯಬೇಕು. ಆ ಕೈಚಳಕ ನದಿಯಲ್ಲಿ ಕಲಿಯುವಂಥದ್ದಲ್ಲ. ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿಕೊಂಡು ಮನೆ ಹತ್ತಿರದ ಮೈದಾನದಲ್ಲಿ ಬೆಳಿಗ್ಗೆ ಅಭ್ಯಾಸ ಮಾಡಿ. ಕೋಥ್ರೂಡಿನ ವಾಕಿಂಗ್ ಅಜ್ಜಂದಿರು ನಿಂತು ನೋಡುತ್ತಾರೆ, ನೋಡಲಿ.

ಇನ್ನು ಅಸಲಿ ಸಂಗತಿ. ಮಳೆಗಾಲ ಕಳೆದ ತೀರ್ಥನ್ ನದಿಯಲ್ಲಿ ತಳದ ಕಲ್ಲು ಎಣಿಸಬಹುದು. ನಮಗೆ ಮೀನು ಕಂಡಷ್ಟೇ ಸಲೀಸಾಗಿ ಮೀನಿಗೆ ನಾವೂ ಕಾಣುತ್ತೇವೆ. ಟ್ರೌಟ್ ಹರಿವಿಗೆ ಎದುರಾಗಿ ಮುಖಮಾಡಿ ನಿಲ್ಲುತ್ತದೆ, ಆದ್ದರಿಂದ ಹರಿವಿನ ಕೆಳದಿಕ್ಕಿನಿಂದ, ಅದರ ಬೆನ್ನ ಹಿಂದಿನಿಂದ ಬನ್ನಿ. ನೆರಳು ನೀರಿಗೆ ಬೀಳದಂತೆ ಬಗ್ಗಿ ನಡೆಯಿರಿ. ಮಾಸಲು ಬಣ್ಣದ ಬಟ್ಟೆ ಹಾಕಿ. ಭಾವ ಊರಿನ ಹೊಳೆಯಲ್ಲಿ ಎರೆಹುಳ ಸಿಕ್ಕಿಸಿ ಬೆಳೆದವರು. ದಡದಲ್ಲಿ ದಡದಡ ನಡೆದು, "ಇಲ್ಲಿ ಮೀನೇ ಇಲ್ಲ ಮಾರಾಯ" ಅಂದರು. ಕಲ್ಲಿನ ಮರೆಯಲ್ಲಿ ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಿಗೆ ಅದೇ ಗುಂಡಿಯಲ್ಲಿ ಮೂರು ಬಾಲ ಆಡಿದವು.

ಫ್ಲೈ ನೀರಿನ ವೇಗದಲ್ಲೇ ತೇಲಿಬರಬೇಕು. ಲೈನ್ ಅದನ್ನು ತುಸು ಎಳೆದರೂ ಮೀನು ಮೂಸುವುದಿಲ್ಲ. ಟ್ರೌಟ್ ಹೆಚ್ಚಾಗಿ ತಿನ್ನುವುದು ನೀರೊಳಗಿನ ಹುಳುಗಳನ್ನು. ಒಂದು ಕಲ್ಲು ಮಗುಚಿ ನೋಡಿ, ಅಡಿಯಲ್ಲಿರುವ ಹುಳುವಿನ ಬಣ್ಣ, ಗಾತ್ರಕ್ಕೆ ಹೊಂದುವ ನಿಂಫ್ (ನೀರೊಳಗಿನ ಹುಳುವಿನಂತೆ ಕಾಣುವ ಫ್ಲೈ) ಕಟ್ಟಿ. ಪಾಚಿಗಲ್ಲು ಜಾರುತ್ತದೆ, ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ.

ಸಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಬೇಗ ಬಿಟ್ಟುಬಿಡಿ. ತಿನ್ನುವ ಆಸೆಯಿದ್ದರೆ ಕಣಿವೆಯ ಫಾರಂಗಳಲ್ಲಿ ಸಾಕಿದ ರೇನ್‌ಬೋ ಟ್ರೌಟ್ ಇದೆ. ಅರಿಶಿನ, ಉಪ್ಪು, ಖಾರ ಸವರಿ ಹುರಿದುಕೊಡಿ ಎಂದರೆ ಅಡುಗೆಯವರು ಇಲ್ಲವೆನ್ನರು.